ಬಂಡೆ ಹತ್ತುವ ಪುಟ್ಟ ಬಂಡಿಯನ್ನು ಮಾಡಿದವರು ಯಾರು?

ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಏಳನೇ ತರಗತಿಯ ಹುಡುಗನೊಬ್ಬನನ್ನು ಕರೆದುಕೊಂಡು ನಾವು ಒಂದು ವಿಜ್ಞಾನ ಮೇಳಕ್ಕೆ ಹೋಗಿದ್ದೆವು. ಗಲ್ಫಿನಲ್ಲಿರುವ ಅವನ ಮಾವ ತಂದುಕೊಟ್ಟ ರಿಮೋಟ್ ಜೀಪು ಒಂದೇ ತಿಂಗಳಲ್ಲಿ ಕೆಟ್ಟಿತ್ತು. ಹುಡುಗ ಅದನ್ನು ಪೂರ್ತಿ ಬಿಚ್ಚಿದ. ಹಿಂದಿನ ಎರಡು ಗಾಲಿಗಳ ನಡುವಿನ ಹಲ್ಲುಚಕ್ರಗಳಿಗೆ ಎಂ-ಸೀಲ್ ತುಂಬಿದ. ಗಾಲಿಗಳಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಬೀಸುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಮುಂದಿನ ಗಾಲಿಗಳ ಒಳಗೆ ಸೇರಿಸಿದ. ಇನ್ನೊಂದು ಹಾಳಾದ ಆಟಿಕೆಯಿಂದ ಗೇರು ತೆಗೆದು ಕೂರಿಸಿ ಓಟವನ್ನು ಕಡಿಮೆ ಮಾಡಿದ. ಆಮೇಲೆ ಆ ಜೀಪು ನಮ್ಮ ಶಾಲೆಯ ಮುರಕಲ್ಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತತೊಡಗಿತು. ಬಸವನ ಹುಳದಷ್ಟೇ ನಿಧಾನ, ಆದರೆ ಬೀಳುತ್ತಿರಲಿಲ್ಲ.

ಮೇಳದಲ್ಲಿ ತೀರ್ಪುಗಾರರೊಬ್ಬರು ಜೀಪನ್ನು ಮಗುಚಿ ಕೆಳಗಿದ್ದ ಕಂಪೆನಿಯ ಹೆಸರು ಓದಿದರು. "ಇದು ಅಂಗಡಿಯದ್ದಲ್ವಾ ಮಾಷ್ಟ್ರೇ? ಇದರಲ್ಲಿ ಹುಡುಗ ಮಾಡಿದ್ದೇನು?" ಎಂದು ಕೇಳಿ ಮುಂದಿನ ಮೇಜಿಗೆ ಹೋದರು. ನಾವು ಏನೋ ಹೇಳಿದೆವು, ಸರಿಯಾಗಿ ಹೇಳಲಿಲ್ಲ. ಹೇಳಲು ನಮಗೂ ಗೊತ್ತಿರಲಿಲ್ಲ ಎಂಬುದೇ ನಿಜ. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ಸರ್, ಇಂಥ ಗಾಡಿ ಮೊದಲು ಮಾಡಿದವರು ಎಲ್ಲವನ್ನೂ ಅವರೇ ಮಾಡಿದ್ದಾ?"

ಆ ಪ್ರಶ್ನೆಯ ಬೆನ್ನು ಹತ್ತಿ ನಾವು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ವಿಜ್ಞಾನ ಕಲಿಸುವ ಬಂಧುಗಳಿಗೂ ಮೇಳಕ್ಕೆ ಮಕ್ಕಳನ್ನು ಕರೆದೊಯ್ಯುವವರಿಗೂ ಉಪಯೋಗವಾದೀತು.

ಈ ಬಂಡಿಗೆ ರಾಕ್ ಕ್ರಾಲರ್ ಎಂದು ಹೆಸರು. ಬಂಡೆಯ ಮೇಲೆ ಅಂಬೆಗಾಲಿಡುವ ಗಾಡಿ ಎಂದು ನಾವು ಹೇಳಬಹುದು. ಕೈಯಲ್ಲಿ ರೇಡಿಯೋ ಪೆಟ್ಟಿಗೆ ಹಿಡಿದು, ಒಂದು ಮೊಳಕ್ಕೂ ತುಸು ಉದ್ದದ ಬಂಡಿಯನ್ನು ಕಲ್ಲುಗಳ ಮೇಲೆ ಹತ್ತಿಸಿ ಇಳಿಸುವುದು ಆಟ. ಇದಕ್ಕೆ ಸ್ಪರ್ಧೆಗಳಿವೆ, ನಿಯಮಗಳಿವೆ, ಬಿಡಿಭಾಗಗಳ ದೊಡ್ಡ ವ್ಯಾಪಾರವೇ ಇದೆ. ಇದು ಬೆಳೆದ ಜಾಗ ಮುಖ್ಯವಾಗಿ ಅಮೆರಿಕ.

ರೇಡಿಯೋ ಮೂಲಕ ದೂರದ ಯಂತ್ರವನ್ನು ನಡೆಸುವ ವಿದ್ಯೆಗೆ ನೂರಿಪ್ಪತ್ತೈದು ವರ್ಷ ದಾಟಿದೆ. 1898ರಲ್ಲಿ ನಿಕೋಲಾ ಟೆಸ್ಲಾ ಅವರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ವಿದ್ಯುತ್ ಪ್ರದರ್ಶನದಲ್ಲಿ ನೀರಿನ ತೊಟ್ಟಿಯೊಳಗೆ ಒಂದು ಪುಟ್ಟ ದೋಣಿಯನ್ನು ತಂತಿಯಿಲ್ಲದೆ ತಿರುಗಿಸಿ ತೋರಿಸಿದರು. ಅದೇ ವರ್ಷ ನವೆಂಬರ್ 8ರಂದು ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ಸಂಖ್ಯೆ 613809. ಅದರ ಶೀರ್ಷಿಕೆಯಲ್ಲಿ ದೋಣಿ ಮಾತ್ರ ಅಲ್ಲ, ವಾಹನ ಎಂಬ ಮಾತೂ ಇದೆ. ಕಾರೆಂಬುದೇ ಆಗಿನ್ನೂ ಅಪರೂಪವಾಗಿದ್ದ ಕಾಲ ಅದು ಎಂಬುದನ್ನು ನೆನಪಿಡಬೇಕು.

ನೀರಿನಿಂದ ಆಟ ಆಕಾಶಕ್ಕೆ ಹೋಯಿತು. ಅಮೆರಿಕದ ಕಲಮಜೂ ಎಂಬ ಊರಿನಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1937ರಲ್ಲಿ ರೇಡಿಯೋದಿಂದ ನಡೆಯುವ ಮಾದರಿ ವಿಮಾನವನ್ನು ಹಾರಿಸಿದರು. ಅದಕ್ಕೆ ಬೇಕಾದ ರೇಡಿಯೋವನ್ನು ಅವರೇ ಕಟ್ಟಿದ್ದರು, ಏಕೆಂದರೆ ಕೊಳ್ಳಲು ಸಿಗುತ್ತಿರಲಿಲ್ಲ. ಆ ವಿಮಾನ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನೆಲದ ಮೇಲಿನ ಕಾರು ಅಂಗಡಿಗೆ ಬಂದದ್ದು ಇನ್ನೂ ತಡವಾಗಿ, 1960ರ ದಶಕದಲ್ಲಿ. 1976ರಲ್ಲಿ ಜಪಾನಿನ ಟಮಿಯಾ ಕಂಪೆನಿ ಪೋರ್ಷೆ 934 ಕಾರಿನ ಮಾದರಿಯನ್ನು ಮಾರಾಟಕ್ಕೆ ತಂದಿತು. ಬಿಡಿಭಾಗಗಳ ಪೆಟ್ಟಿಗೆ, ಕೊಂಡವನೇ ಜೋಡಿಸಿಕೊಳ್ಳಬೇಕು. ಅದರ ಬೆನ್ನಿಗೆ ಪುಟ್ಟ ಕಾರುಗಳ ಓಟದ ಹುಚ್ಚು ಎಲ್ಲೆಡೆ ಹಬ್ಬಿತು. ಯಾವುದು ಹೆಚ್ಚು ಓಡುತ್ತದೆ ಎಂಬುದೊಂದೇ ಮಾತು.

ಓಟ ಬೇಡ, ನಡೆ ಸಾಕು ಎಂದು ನಿರ್ಧರಿಸಿ ಮಾಡಿದ ದೊಡ್ಡ ರೇಡಿಯೋ ವಾಹನವೊಂದು ಅದಕ್ಕೂ ಮೊದಲೇ ಬಂದಿತ್ತು. ಅದು ಆಟಿಕೆಯಲ್ಲ, ಓಡಾಡಿದ್ದು ಭೂಮಿಯ ಮೇಲೂ ಅಲ್ಲ. 1970ರ ನವೆಂಬರ್ 17ರಂದು ಸೋವಿಯತ್ ಒಕ್ಕೂಟದ ಲುನೊಖೋಡ್-1 ಚಂದ್ರನ ಮೇಲಿಳಿಯಿತು. ಎಂಟು ಗಾಲಿ, ಒಂದೊಂದು ಗಾಲಿಗೂ ಬೇರೆ ಮೋಟಾರು, ಗಂಟೆಗೆ ಹೆಚ್ಚೆಂದರೆ 2 ಕಿಲೋಮೀಟರ್ ವೇಗ. ಭೂಮಿಯಲ್ಲಿ ಕುಳಿತ ಐದು ಜನರ ತಂಡ ಟಿವಿ ಚಿತ್ರ ನೋಡುತ್ತಾ ಅದನ್ನು ನಡೆಸಿತು. ಚಿತ್ರ ಬರುವುದಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು, ಆಜ್ಞೆ ಹೋಗುವುದಕ್ಕೆ ಅಷ್ಟೇ. ಕಲ್ಲು ಕಂಡ ಮೇಲೆ ಬ್ರೇಕು ಹಾಕಿದರೆ ತಡವಾಯಿತು ಎಂದೇ ಅರ್ಥ. ಹಾಗಾಗಿ ನಿಧಾನವೇ ಅದರ ಜೀವ. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಅಮೆರಿಕದ ಸೋಜರ್ನರ್ ಇನ್ನೂ ನಿಧಾನ, ಸೆಕೆಂಡಿಗೆ 1 ಸೆಂಟಿಮೀಟರ್. ಅದರ ಗಾಲಿಗಳ ಅಡ್ಡಳತೆ 13 ಸೆಂಟಿಮೀಟರ್. ಸ್ಪರ್ಧೆಯ ರಾಕ್ ಕ್ರಾಲರ್‌ನ ಗಾಲಿಯೂ ಹೆಚ್ಚು ಕಡಿಮೆ ಇಷ್ಟೇ ಎಂಬುದನ್ನು ಓದಿದಾಗ ನಮಗೆ ಖುಷಿಯಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಜೊತೆ ಇಳಿದ ನಮ್ಮ 26 ಕಿಲೋ ತೂಕದ ಪ್ರಗ್ಯಾನ್ ಕೂಡ ಇದೇ ಸಂತತಿಯದು. ಅದಕ್ಕೆ ಆಜ್ಞೆಗಳು ಹೋದದ್ದು ಬೆಂಗಳೂರಿನಿಂದ.

ಆದರೆ ನಮ್ಮ ಪುಟ್ಟ ಬಂಡಿ ಈ ಬಾಹ್ಯಾಕಾಶ ಗಾಡಿಗಳ ಮಗು ಅಲ್ಲ. ಅದು ಹುಟ್ಟಿದ್ದು ಮನೆಗಳ ಹಿಂದಿನ ಶೆಡ್ಡುಗಳಲ್ಲಿ, ಮುರಿದ ಆಟಿಕೆಗಳಿಂದ.

1987ರಲ್ಲಿ ಟಮಿಯಾ ಕಂಪೆನಿಯೇ ಕ್ಲಾಡ್ ಬಸ್ಟರ್ ಎಂಬ ಲಾರಿ ಮಾದರಿಯನ್ನು ತಂದಿತು. ಹೆಂಟೆ ಒಡೆಯುವವನು ಎಂದು ಹೆಸರಿನ ಅರ್ಥ, ರೈತರ ಮನೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಆಗ ಆಳೆತ್ತರದ ಗಾಲಿಯ ಮಾನ್‌ಸ್ಟರ್ ಟ್ರಕ್‌ಗಳು ಹಳೆಯ ಕಾರುಗಳನ್ನು ತುಳಿದು ಅಪ್ಪಚ್ಚಿ ಮಾಡುವ ತಮಾಷೆ ಜೋರಾಗಿ ನಡೆದಿತ್ತು. ಅದರ ಪುಟ್ಟ ರೂಪ ಇದು. ಗಾಲಿಯ ಎತ್ತರವೇ ಒಂದು ಗೇಣಿಗೆ ತುಸು ಕಡಿಮೆ. ನಾಲ್ಕೂ ಗಾಲಿಗೆ ಶಕ್ತಿ, ನಾಲ್ಕೂ ಗಾಲಿ ತಿರುಗುತ್ತವೆ. ಎರಡು ಮೋಟಾರು, ಒಂದು ಮುಂದಿನ ಅಚ್ಚಿನ ಮೇಲೆ, ಇನ್ನೊಂದು ಹಿಂದಿನ ಅಚ್ಚಿನ ಮೇಲೆ. ಕಂಪೆನಿಯ ಎಣಿಕೆಯಲ್ಲಿ ಇದು ಮಣ್ಣಿನಲ್ಲಿ ಕುಣಿಯುವ ಆಟಿಕೆ. ಬಂಡೆ ಹತ್ತಲು ಅದನ್ನು ಯಾರೂ ಮಾಡಿರಲಿಲ್ಲ.

ಅಮೆರಿಕದಲ್ಲಿ ನಿಜವಾದ ಜೀಪುಗಳನ್ನು ಬಂಡೆಯ ದಾರಿಯಲ್ಲಿ ಓಡಿಸುವ ಹವ್ಯಾಸ ಹಳೆಯದು. ಕ್ಯಾಲಿಫೋರ್ನಿಯಾದ ರೂಬಿಕಾನ್ ದಾರಿಯಲ್ಲಿ 1953ರಿಂದ ಜೀಪುಗಳ ಮೆರವಣಿಗೆಯಿದೆ. ಯೂಟಾ ರಾಜ್ಯದ ಮೋಆಬ್‌ನಲ್ಲಿ 1967ರಿಂದ ಈಸ್ಟರ್ ಹಬ್ಬದ ಹೊತ್ತಿಗೆ ಜೀಪು ಯಾತ್ರೆ ನಡೆಯುತ್ತದೆ. 1990ರ ದಶಕದ ಕೊನೆಗೆ ಇದು ಸ್ಪರ್ಧೆಯಾಯಿತು. ಬಂಡೆಗಳ ನಡುವೆ ಜೋಡಿ ಗುರುತುಗಳನ್ನಿಟ್ಟು, ಅವುಗಳ ನಡುವೆಯೇ ಹಾದುಹೋಗಬೇಕು ಎಂದು ನಿಯಮ ಮಾಡಿದರು. ಈ ಜೀಪಿನ ಹುಚ್ಚು ಹಿಡಿದವರಲ್ಲಿ ಎಷ್ಟೋ ಜನರ ಮನೆಯ ಅಟ್ಟದಲ್ಲಿ ಹಳೆಯ ಕ್ಲಾಡ್ ಬಸ್ಟರ್‌ಗಳು ಬಿದ್ದಿದ್ದವು. ದೊಡ್ಡ ಜೀಪಿಗೆ ದುಡ್ಡಿಲ್ಲದವರೂ ಇದ್ದರು. ಅವರು ಅದನ್ನು ಕೆಳಗಿಳಿಸಿ ಕಲ್ಲಿನ ಮೇಲಿಟ್ಟರು. ಬಂಡಿ ಹತ್ತಲಿಲ್ಲ.

ಏಕೆ ಹತ್ತಲಿಲ್ಲ ಎಂಬಲ್ಲಿಂದಲೇ ನಿಜವಾದ ಚರಿತ್ರೆ ಶುರು.

ಮೊದಲ ಅಡ್ಡಿ ಡಿಫರೆನ್ಷಿಯಲ್. ಗಾಡಿ ತಿರುಗುವಾಗ ಹೊರಗಡೆಯ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಡೆಯದು ಕಡಿಮೆ. ಅದಕ್ಕಾಗಿ ಎರಡು ಗಾಲಿಗಳ ನಡುವೆ ಇರುವ ಹಲ್ಲುಚಕ್ರಗಳ ವ್ಯವಸ್ಥೆ ಇದು. ರಸ್ತೆಯಲ್ಲಿ ಬಹಳ ಒಳ್ಳೆಯದು. ಆದರೆ ಬಂಡೆಯ ಮೇಲೆ ಒಂದು ಗಾಲಿ ಗಾಳಿಯಲ್ಲಿ ಎದ್ದಿತೆನ್ನಿ, ತಿರುಗುವಿಕೆಯೆಲ್ಲ ಆ ಗಾಲಿಗೇ ಹೋಗುತ್ತದೆ, ಕಲ್ಲನ್ನು ಕಚ್ಚಿ ನಿಂತ ಗಾಲಿ ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಕೆಸರಿಗೆ ಸಿಕ್ಕ ಕಾರಿನ ಒಂದೇ ಚಕ್ರ ಗಿರಗಿರ ತಿರುಗುವುದನ್ನು ನಾವೆಲ್ಲ ನೋಡಿದ್ದೇವೆ. ಹವ್ಯಾಸಿಗಳು ಡಿಫರೆನ್ಷಿಯಲ್ ಪೆಟ್ಟಿಗೆ ಬಿಚ್ಚಿ ಅದರೊಳಗೆ ಗಟ್ಟಿ ಅಂಟು ತುಂಬಿ ಎರಡು ಗಾಲಿಗಳನ್ನು ಒಂದೇ ಮಾಡಿಬಿಟ್ಟರು. ಎಂಜಿನಿಯರು ಜಾಣತನದಿಂದ ಮಾಡಿದ್ದನ್ನು ಅಂಟು ಹಾಕಿ ಕೆಡಿಸಿದ್ದೇ ಈ ಬಂಡಿಯ ಮೊದಲ ಸುಧಾರಣೆ! ನಮ್ಮ ಹುಡುಗ ಎಂ-ಸೀಲ್ ತುಂಬಿದ್ದೂ ಇದಕ್ಕೇ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯದು ಮೈಕಟ್ಟು. ಕಂಪೆನಿ ಕೊಟ್ಟ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆದು, ಅಲ್ಯೂಮಿನಿಯಂ ತಗಡು ಕತ್ತರಿಸಿ ಹೊಸ ಚೌಕಟ್ಟು ಮಾಡಿದರು. ಪ್ರತಿ ಅಚ್ಚನ್ನೂ ನಾಲ್ಕು ಸರಳುಗಳಿಂದ ಚೌಕಟ್ಟಿಗೆ ಜೋಡಿಸಿದರು. ಹೀಗೆ ಮಾಡಿದಾಗ ಮುಂದಿನ ಅಚ್ಚು ಎಡಕ್ಕೆ ವಾಲಿದರೂ ಹಿಂದಿನದು ಬಲಕ್ಕೆ ವಾಲಬಹುದು, ನಾಲ್ಕು ಗಾಲಿಯೂ ಕಲ್ಲನ್ನು ಬಿಡುವುದಿಲ್ಲ. ಗಾಲಿ ತಿರುಗಿಸುವ ಸರ್ವೋ ಎಂಬ ಪುಟ್ಟ ಮೋಟಾರು ಚೌಕಟ್ಟಿನಲ್ಲಿತ್ತು. ಗಾಡಿ ವಾಲಿದಾಗ ಅದರ ಹಿಡಿತ ತಪ್ಪುತ್ತಿತ್ತು. ಅದನ್ನು ತೆಗೆದು ಅಚ್ಚಿನ ಮೇಲೆಯೇ ಕೂರಿಸಿದರು.

ಮೂರನೆಯದು ಮೋಟಾರು. ಓಟದ ಕಾರಿನ ಮೋಟಾರಿನಲ್ಲಿ ತಂತಿಯ ಸುತ್ತುಗಳು ಕಡಿಮೆ, ವೇಗ ಹೆಚ್ಚು. ಸುತ್ತು ಹೆಚ್ಚಿದಷ್ಟೂ ವೇಗ ಇಳಿಯುತ್ತದೆ, ನಿಧಾನದಲ್ಲಿ ಹದವಾಗಿ ನಡೆಸಲು ಬರುತ್ತದೆ. ಓಟದವರು 27 ಸುತ್ತಿನ ಮೋಟಾರನ್ನೇ ನಿಧಾನದ್ದು ಎನ್ನುತ್ತಿದ್ದರೆ, ಬಂಡೆಯವರು 55 ಸುತ್ತಿನದನ್ನು ಹುಡುಕಿದರು. ಅದರ ಮೇಲೆ ಗೇರುಗಳಿಂದ ಇನ್ನಷ್ಟು ಇಳಿಸಿದರು. ಗೇರಿನಲ್ಲಿ ವೇಗ ಹತ್ತರಲ್ಲೊಂದು ಪಾಲಾದರೆ, ಘರ್ಷಣೆಗೆ ಹೋದದ್ದನ್ನು ಬಿಟ್ಟು, ತಿರುಗಿಸುವ ಬಲ ಹತ್ತು ಪಾಲಾಗುತ್ತದೆ. ನಮ್ಮ ಗುಡ್ಡದ ಜೀಪಿನ ಡ್ರೈವರುಗಳು ಏರಿನಲ್ಲಿ ಲೋ ಗೇರು ಹಾಕುವಾಗ ಈ ಪಾಠವನ್ನೇ ಮಾಡುತ್ತಿರುತ್ತಾರೆ, ಪುಸ್ತಕ ಮಾತ್ರ ಅವರ ಕೈಯಲ್ಲಿರುವುದಿಲ್ಲ.

ಎಲ್ಲಕ್ಕಿಂತ ಸ್ವಾರಸ್ಯ ತೂಕದ್ದು. ಓಟದ ಕಾರು ಹಗುರ ಇರಬೇಕು. ಇಲ್ಲಿ ಹಾಗಲ್ಲ, ಎಲ್ಲಿ ತೂಕ ಇದೆ ಎಂಬುದೇ ಪ್ರಶ್ನೆ. ಏರು ಹತ್ತುವಾಗ ಮುಂಭಾಗ ಹಗುರವಾಗಿ, ಗಾಡಿ ಹಿಂದಕ್ಕೆ ಮಗುಚುತ್ತದೆ. ಅದಕ್ಕೆ ಮುಂದಿನ ಗಾಲಿಗಳೊಳಗೆ ಸೀಸದ ತುಂಡು ಅಂಟಿಸಿದರು, ಬ್ಯಾಟರಿಯನ್ನು ಮುಂದಕ್ಕೆ ತಂದು ಅಚ್ಚಿನ ಹತ್ತಿರ ಕಟ್ಟಿದರು.

ಹತ್ತನೇ ತರಗತಿಯ ಮಕ್ಕಳು ಇದನ್ನು ಲೆಕ್ಕ ಮಾಡಿ ನೋಡಬಹುದು. ನಾವು ಮಾಡಿಸಿದ್ದೇವೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 31.8 ಸೆಂಟಿಮೀಟರ್ ಇರಲಿ. ಗುರುತ್ವ ಕೇಂದ್ರ ಸರಿಯಾಗಿ ನಡುವಿನಲ್ಲಿ, ನೆಲದಿಂದ 8 ಸೆಂಟಿಮೀಟರ್ ಎತ್ತರದಲ್ಲಿ ಇದೆ ಎನ್ನೋಣ. ಹಿಂದಿನ ಗಾಲಿ ನೆಲ ಮುಟ್ಟುವಲ್ಲಿಂದ ಅದು 15.9 ಸೆಂಟಿಮೀಟರ್ ಮುಂದಿದೆ. 15.9ನ್ನು 8ರಿಂದ ಭಾಗಿಸಿದರೆ ಬರುವುದು ಮಗುಚುವ ಕೋನದ ಟ್ಯಾನ್ ಬೆಲೆ. ಕೋನ ಸುಮಾರು 63 ಡಿಗ್ರಿ. ಈಗ ತೂಕವನ್ನು 2 ಸೆಂಟಿಮೀಟರ್ ಕೆಳಗಿಳಿಸಿದರೆ ಕೋನ 69 ಆಗುತ್ತದೆ. ಜೊತೆಗೆ 3 ಸೆಂಟಿಮೀಟರ್ ಮುಂದಕ್ಕೂ ತಂದರೆ 72. ಇದು ಕಾಗದದ ಲೆಕ್ಕ, ಗಾಲಿ ಜಾರುವುದನ್ನು ಇಲ್ಲಿ ಸೇರಿಸಿಲ್ಲ. ಆದರೂ ಕೆಲವು ಸೀಸದ ಗುಂಡುಗಳು ಒಂಬತ್ತು ಡಿಗ್ರಿ ಏರನ್ನು ಕೊಡುತ್ತವೆ ಎಂದಾಗ ಟ್ಯಾನ್ ಕೋಷ್ಟಕವನ್ನು ಕಂಡರೆ ಮುಖ ತಿರುಗಿಸುವ ಮಕ್ಕಳೂ ಕಣ್ಣರಳಿಸಿದರು.

ಟಯರಿನ ವಿಷಯ ಹೇಳಹೊರಟರೆ ಮುಗಿಯುವುದಿಲ್ಲ. ಮೆತ್ತನೆಯ ರಬ್ಬರು, ಒಳಗೆ ಗಾಳಿಯ ಬದಲು ಸ್ಪಂಜು. ಸ್ಪಂಜನ್ನು ಕತ್ತರಿಯಿಂದ ಅಲ್ಲಲ್ಲಿ ಕತ್ತರಿಸಿ ಟಯರು ಕಲ್ಲಿನ ಅಂಚಿಗೆ ಎಷ್ಟು ಬಾಗಬೇಕೆಂದು ಹದ ಮಾಡುತ್ತಾರೆ. ಮುಂದಿನ ಗಾಲಿಗೆ ಒಂದು ಹದ, ಹಿಂದಿನದಕ್ಕೆ ಇನ್ನೊಂದು. ಚಪಾತಿ ಹಿಟ್ಟಿನ ಹದದಂತೆ ಇದೂ ಕೈಗೆ ಮಾತ್ರ ಗೊತ್ತಾಗುವ ವಿದ್ಯೆ.

ಇನ್ನು ಸ್ಪರ್ಧೆ. ದೊಡ್ಡ ಜೀಪುಗಳ ನಿಯಮವನ್ನೇ ಇಲ್ಲಿಗೆ ಇಳಿಸಿಕೊಂಡರು. ಅಮೆರಿಕದಲ್ಲಿ ಬಳಕೆಗೆ ಬಂದ ನಿಯಮದಂತೆ ಬಂಡೆಗಳ ಮೇಲೆ ಜೋಡಿ ಗುರುತುಗಳ ಗೇಟುಗಳಿರುತ್ತವೆ, ನಿಗದಿತ ಸಮಯದೊಳಗೆ ಅವುಗಳ ನಡುವೆ ಕ್ರಮವಾಗಿ ಹಾಯಬೇಕು. ತಪ್ಪಿಗೆ ಅಂಕ ಸೇರುತ್ತದೆ, ಕಡಿಮೆ ಅಂಕ ಪಡೆದವನು ಗೆದ್ದ. ಒಮ್ಮೆ ಹಿಂದಕ್ಕೆ ಹೋದರೆ 1 ಅಂಕ, ಗೇಟಿಗೆ ತಾಗಿದರೆ 10. ಗಾಡಿಯನ್ನು ಕೈಯಿಂದ ಮುಟ್ಟಿದರೆ ದಂಡ. ಹೆಚ್ಚು ಪ್ರಸಿದ್ಧವಾದ ವಿಭಾಗದ ಹೆಸರು 2.2. ಟಯರು ಕೂರುವ ಚಕ್ರದ ಅಡ್ಡಳತೆ 2.2 ಇಂಚು ಎಂಬುದರಿಂದ ಬಂದ ಹೆಸರು ಅದು. ಅಚ್ಚುಗಳ ನಡುವಿನ ದೂರ 12.5 ಇಂಚು ಮೀರಬಾರದು. ಮೇಲಿನ ಲೆಕ್ಕದ 31.8 ಸೆಂಟಿಮೀಟರ್ ಇಲ್ಲಿಂದಲೇ ಬಂದದ್ದು.

ಹಿಂದಕ್ಕೆ ಹೋದರೆ ದಂಡ ಎಂಬ ಈ ಒಂದು ನಿಯಮ ಎಷ್ಟು ಬುದ್ಧಿಯನ್ನು ಹುಟ್ಟಿಸಿತು ನೋಡಿ. ಇಕ್ಕಟ್ಟಿನಲ್ಲಿ ತಿರುಗಲು ಹಿಂದೆ ಬರುವಂತಿಲ್ಲ. ಹಾಗಾದರೆ ಏನು ಮಾಡುವುದು? ಕ್ಲಾಡ್ ಬಸ್ಟರ್‌ನಲ್ಲಿ ಮುಂದೊಂದು, ಹಿಂದೊಂದು ಮೋಟಾರು ಇದ್ದವಲ್ಲ, ಅವೆರಡಕ್ಕೂ ಬೇರೆ ಬೇರೆ ವೇಗ ನಿಯಂತ್ರಕ ಕೂರಿಸಿದರು. ಹಿಂದಿನದನ್ನು ನಿಲ್ಲಿಸಿ ಮುಂದಿನದನ್ನು ಮಾತ್ರ ನಡೆಸಿದರೆ ಗಾಡಿ ಹಿಂಗಾಲನ್ನು ಊರಿ ನಿಂತಲ್ಲೇ ತಿರುಗುತ್ತದೆ. ಇದಕ್ಕೆ ಡಿಗ್ ಎಂದು ಹೆಸರು. ಇಳಿಜಾರಿನಲ್ಲಿ ಕೈಬಿಟ್ಟರೂ ಗಾಡಿ ಜಾರದೆ ನಿಲ್ಲುವಂತೆ ಬ್ರೇಕು ತಾನಾಗಿ ಹಿಡಿಯುವ ವೇಗ ನಿಯಂತ್ರಕಗಳೂ ಬಂದವು. ಆ ಕಾಲದ ರೇಡಿಯೋದಲ್ಲಿ ಇನ್ನೊಂದು ತಾಪತ್ರಯ ಇತ್ತು. 27 ಮೆಗಾಹರ್ಟ್ಸ್ ಪಟ್ಟಿಯ ರೇಡಿಯೋದಲ್ಲಿ ಇಬ್ಬರದು ಒಂದೇ ಕ್ರಿಸ್ಟಲ್ ಆದರೆ ಒಬ್ಬನ ಕೈಗೆ ಇನ್ನೊಬ್ಬನ ಗಾಡಿ ಕುಣಿಯುತ್ತಿತ್ತು. 2000ರ ದಶಕದ ನಡುವಿನಲ್ಲಿ 2.4 ಗಿಗಾಹರ್ಟ್ಸ್ ರೇಡಿಯೋಗಳು ಬಂದ ಮೇಲೆ ಈ ಕಾಟ ತಪ್ಪಿತು.

ಗಮನಿಸಿ, ಇಷ್ಟು ಹೊತ್ತಿಗೂ ಪೇಟೆಯಲ್ಲಿ ಸ್ಪರ್ಧೆಗೆಂದೇ ಮಾಡಿದ ಬಂಡಿ ಹೆಚ್ಚುಕಡಿಮೆ ಇರಲಿಲ್ಲ. ಎಲ್ಲರೂ ಯಾವುದೋ ಲಾರಿಯನ್ನು ಕೊಂಡು ಕತ್ತರಿಸಿ, ಅಂಟಿಸಿ ತಮ್ಮದು ಮಾಡಿಕೊಂಡವರೇ. 2007ರಲ್ಲಿ ಕ್ಯಾಲಿಫೋರ್ನಿಯಾದ ಆಕ್ಸಿಯಲ್ ಎಂಬ ಕಂಪೆನಿ ಎಎಕ್ಸ್10 ಸ್ಕಾರ್ಪಿಯನ್ ಎಂಬ ಬಂಡಿಯನ್ನು ತಂದಿತು. ಅದರ ಪೆಟ್ಟಿಗೆ ತೆರೆದರೆ ಏನಿತ್ತು? ಎರಡು ಗಾಲಿಯೂ ಒಟ್ಟಿಗೆ ತಿರುಗುವಂತೆ ಕಾರ್ಖಾನೆಯಲ್ಲೇ ಬಿಗಿದ ಅಚ್ಚು, ಸರಳುಗಳ ಜೋಡಣೆ, ಅಚ್ಚಿನ ಮೇಲೆ ಕೂರುವ ಸರ್ವೋ, ಮೆತ್ತನೆಯ ಟಯರು. ಶೆಡ್ಡುಗಳಲ್ಲಿ ಕಂಡುಹಿಡಿದದ್ದೆಲ್ಲ ಅಚ್ಚುಕಟ್ಟಾಗಿ ಪೆಟ್ಟಿಗೆಗೆ ಬಂದಿತ್ತು. ಕಂಪೆನಿಯದು ಸಣ್ಣ ಕೆಲಸ ಎಂದು ನಾವು ಹೇಳುತ್ತಿಲ್ಲ, ತಗಡು ಕತ್ತರಿಸಲು ಬಾರದವನೂ ಆಡುವಂತಾದದ್ದು ಅದರಿಂದಲೇ. ಆದರೆ ಚರಿತ್ರೆಯನ್ನು 2007ರಿಂದ ಶುರು ಮಾಡಿದರೆ ಅದು ಮಾರಾಟದ ಚರಿತ್ರೆಯಾಗುತ್ತದೆ.

ಒಂದು ತಮಾಷೆಯನ್ನು ಹೇಳದೆ ಬಿಡಲಾಗದು. ಎಎಕ್ಸ್10ರಲ್ಲಿ ಒಂದೇ ಮೋಟಾರು ನಡುವಿನಲ್ಲಿ, ಅಲ್ಲಿಂದ ದಂಡಗಳ ಮೂಲಕ ಶಕ್ತಿ ಮುಂದಕ್ಕೂ ಹಿಂದಕ್ಕೂ ಹೋಗುತ್ತದೆ. ಈ ದಂಡಗಳು ಬಲವಾಗಿ ತಿರುಗುವಾಗ ಚೌಕಟ್ಟು ಒಂದು ಪಕ್ಕಕ್ಕೆ ತಿರುಚಿಕೊಂಡು ಒಂದು ಗಾಲಿ ಹಗುರಾಗುತ್ತದೆ. ಕೆಲವೇ ವರ್ಷಗಳಲ್ಲಿ ಅದೇ ಕಂಪೆನಿ ಎಕ್ಸ್‌ಆರ್10 ಎಂಬ ಸ್ಪರ್ಧೆಯ ಬಂಡಿ ತಂದಾಗ ಎರಡು ಮೋಟಾರುಗಳು ಮತ್ತೆ ಅಚ್ಚುಗಳ ಮೇಲೆಯೇ ಕುಳಿತಿದ್ದವು. 1987ರ ಹೆಂಟೆ ಒಡೆಯುವವನಲ್ಲಿ ಇದ್ದ ಹಾಗೆಯೇ.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. 2009ರಲ್ಲಿ ಬಂದ ಎಸ್‌ಸಿಎಕ್ಸ್10, 2017ರಲ್ಲಿ ಟ್ರಾಕ್ಸಾಸ್ ಕಂಪೆನಿಯ ಟಿಆರ್‌ಎಕ್ಸ್-4 ಇವುಗಳೊಂದಿಗೆ ನಿಜವಾದ ಜೀಪಿನ ಹಾಗೆಯೇ ಕಾಣುವ ಬಂಡಿಗಳತ್ತ ಜನರ ಮನಸ್ಸು ವಾಲಿತು. ಟಿಆರ್‌ಎಕ್ಸ್-4ರಲ್ಲಿ ಡಿಫರೆನ್ಷಿಯಲ್ ಅನ್ನು ಬೇಕೆಂದಾಗ ಬಿಗಿಯುವ, ಬೇಡವೆಂದಾಗ ಬಿಡಿಸುವ ಗುಂಡಿ ರಿಮೋಟಿನಲ್ಲೇ ಇದೆ. ಅಂಟಿನ ಕಾಲ ಅಲ್ಲಿಗೆ ಮುಗಿಯಿತು ಅನ್ನಿ. 2018ರಲ್ಲಿ ಆಕ್ಸಿಯಲ್ ಹೆಸರು ಹೊರೈಜನ್ ಹಾಬಿ ಎಂಬ ದೊಡ್ಡ ಕಂಪೆನಿಯ ಪಾಲಾಯಿತು.

ಈಗ ಆ ತೀರ್ಪುಗಾರರು ಸಿಕ್ಕರೆ ನಾವು ಉತ್ತರ ಹೇಳಬಲ್ಲೆವು. ಈ ಬಂಡಿಯ ಚರಿತ್ರೆಯಲ್ಲಿ ಗಾಲಿ, ಮೋಟಾರು, ಹಲ್ಲುಚಕ್ರ ಮೊದಲಿನಿಂದಲೂ ಅಂಗಡಿಯವೇ. ಅಂಗಡಿಯಲ್ಲಿ ಸಿಗದೇ ಇದ್ದದ್ದು ಎಲ್ಲಿ ಅಂಟು ತುಂಬಬೇಕು, ಎಲ್ಲಿ ಸೀಸ ಇಡಬೇಕು ಎಂಬುದು. ನಮ್ಮ ಹುಡುಗ ಮಾಡಿದ್ದೂ ಅದನ್ನೇ.

ಹುಡುಗ ಈಗ ಒಂಬತ್ತನೇ ತರಗತಿ, ಬೇರೆ ಶಾಲೆಗೆ ಹೋಗಿದ್ದಾನೆ. ಜೀಪನ್ನು ನಮ್ಮಲ್ಲೇ ಬಿಟ್ಟಿದ್ದಾನೆ, ವಿಜ್ಞಾನ ಕೊಠಡಿಯ ಕಪಾಟಿನಲ್ಲಿದೆ. ಹೋದ ತಿಂಗಳು ಬಂದವನು ಅದನ್ನು ಮಗುಚಿ ನೋಡಿ, "ಸರ್, ಸೀಸ ಹಿಂದಿನ ಗಾಲಿಗೂ ಸ್ವಲ್ಪ ಬೇಕಿತ್ತು, ಇಳಿಯುವಾಗ ಮುಗ್ಗರಿಸ್ತಿತ್ತು" ಎಂದ. ಈ ಲೇಖನದ ಲೆಕ್ಕವನ್ನು ಅವನ ಮುಂದಿಟ್ಟೆವು. ಇಳಿಯುವಾಗಿನ ಕೋನವನ್ನು ಈಗ ಅವನೇ ಲೆಕ್ಕ ಹಾಕುತ್ತಿದ್ದಾನೆ.